ಕೆರೆಮಣ್ಣಿನ ಒಂದಡಿ ಮೂರ್ತಿ: ಅಗೆತದಿಂದ ಆವಿಗೆಯವರೆಗೆ

ಪ್ಲಾಸ್ಟರು, ಫೈಬರ್‌ನಲ್ಲಿ ಕೈ ಪಳಗಿದ ಶಿಲ್ಪಿ ಕುಂಬಾರರ ಮಣ್ಣಿಗೆ ಇಳಿದರೆ ಮೊದಲ ಎರಡು ಮೂರು ಮೂರ್ತಿ ಸಾಮಾನ್ಯವಾಗಿ ಬೆಂಕಿಯಲ್ಲಿ ಒಡೆಯುತ್ತವೆ. ಬೈಗುಳ ತಿನ್ನುವುದು ಬೆಂಕಿ. ತಪ್ಪು ಬಹುಪಾಲು ಅದಕ್ಕೂ ಮೊದಲೇ ಆಗಿರುತ್ತದೆ, ಮಣ್ಣಿನ ಹದದಲ್ಲಿ ಇಲ್ಲವೇ ಒಣಗಿಸುವಲ್ಲಿ. ಹಾಗಾಗಿ ಇಲ್ಲಿ ಆ ಎರಡಕ್ಕೇ ಹೆಚ್ಚು ಜಾಗ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮಣ್ಣು ಬರುವುದು ಕೆರೆಯಿಂದ. ಮಾರ್ಚ್‌ನಿಂದ ಮೇ ಒಳಗೆ, ಅಂಗಳ ಒಣಗಿ ಬಿರಿದಾಗ ಅಗೆಯಬೇಕು. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆ ಸಾಲಿನ ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರು ನಿಂತಿರಬಹುದು, ಅದಕ್ಕೆ ಸೇರದ ಸಣ್ಣ ಕೆರೆ ನೋಡಿಕೊಳ್ಳಿ. ಪಂಚಾಯಿತಿಯವರ ಒಪ್ಪಿಗೆ ತೆಗೆದುಕೊಂಡೇ ಗುದ್ದಲಿ ಹಾಕಿ. ನೀರು ಒಳಬರುವ ಕಡೆ ಮರಳು ನಿಲ್ಲುತ್ತದೆ, ನುಣ್ಣನೆ ಜೇಡಿ ಏರಿಯ ಕಡೆಗೆ ಹೋಗಿ ಕೂರುತ್ತದೆ. ಹಾಗಂತ ಏರಿಯ ಬುಡ ಕೆದಕಬೇಡಿ, ದೂರ ಬಿಟ್ಟು ಅಗೆಯಿರಿ. ಮೇಲಿನ ಅರ್ಧ ಅಡಿಯಲ್ಲಿ ಬೇರು, ಕಸ. ಅದನ್ನು ಸರಿಸಿ ಕೆಳಗಿನದನ್ನು ತೆಗೆಯಿರಿ. ಊರಲ್ಲಿ ಕುಂಬಾರರ ಮನೆಯಿದ್ದರೆ ಅವರು ಯಾವ ಗುಂಡಿಯಿಂದ ತರುತ್ತಾರೆಂದು ಕೇಳಿದರೆ ಅರ್ಧ ಕೆಲಸ ಮುಗಿದಂತೆ.

ಮೂಟೆ ತುಂಬುವ ಮೊದಲು ಒಂದು ಹಿಡಿಯನ್ನು ಪರೀಕ್ಷೆ ಮಾಡಿ. ಕಲಸಿ, ಪೆನ್ಸಿಲ್ ದಪ್ಪ ಹೊಸೆದು ಬೆರಳಿಗೆ ಸುತ್ತಿ. ಬಿರಿದರೆ ಜಿಗುಟು ಸಾಲದು. ಒಣ ಹೆಂಟೆಯ ಮೇಲೆ ವಿನೆಗರ್ ಬಿಡಿ. ಬುಸ್ಸೆಂದು ನೊರೆ ಬಂದರೆ ಸುಣ್ಣದ ಹರಳಿದೆ, ಆ ಮಣ್ಣು ಬೇಡ. ಬೆಂಕಿಯಲ್ಲಿ ಸುಟ್ಟಸುಣ್ಣವಾದ ಹರಳು ಗಾಳಿಯ ತೇವ ಕುಡಿದು ಉಬ್ಬುತ್ತದೆ. ಸುಟ್ಟ ಎಷ್ಟೋ ದಿನದ ಮೇಲೆ ಮೂರ್ತಿಯ ಕೆನ್ನೆಯಿಂದ ಚಕ್ಕೆ ಎದ್ದು, ಗುಳಿಯ ನಡುವೆ ಬಿಳಿ ಚುಕ್ಕೆ ಕಾಣುತ್ತದೆ. ಮೂರನೆಯದು ಸೌಳು, ಅಂದರೆ ಮಣ್ಣಿನಲ್ಲಿರುವ ಉಪ್ಪು. ಮಣ್ಣು ಕದಡಿದ ತಿಳಿನೀರನ್ನು ತಟ್ಟೆಯಲ್ಲಿ ಬಿಸಿಲಿಗಿಡಿ. ಬಿಳಿ ಪೊರೆ ಕಟ್ಟಿದರೆ ಮಣ್ಣನ್ನು ಎರಡು ಮೂರು ಸಲ ನೆನೆಸಿ, ಮೇಲಿನ ನೀರು ಬಸಿಯಬೇಕು.

ತಂದ ಮಣ್ಣನ್ನು ಕುಟ್ಟಿ, ಪೂರ್ತಿ ಒಣಗಿಸಿ, ಆಮೇಲೇ ನೀರಿಗೆ ಹಾಕಿ. ಅರೆತೇವದ ಹೆಂಟೆ ವಾರ ನೆನೆದರೂ ಒಳಗೆ ಗಟ್ಟಿಯೇ. ಚೆನ್ನಾಗಿ ಒಣಗಿದ್ದು ನೀರು ತಾಕಿದ ಕೂಡಲೇ ಗುಳ್ಳೆ ಬಿಡುತ್ತಾ ಪದರ ಪದರವಾಗಿ ಉದುರುತ್ತದೆ, ಸಕ್ಕರೆ ಅಚ್ಚು ಕರಗಿದಂತೆ. ಒಂದು ದಿನ ಕೈಯಾಡಿಸಬೇಡಿ. ಮರುದಿನ ಕದಡಿ, ಸೊಳ್ಳೆ ಪರದೆಯಲ್ಲಿ ಸೋಸಿ, ಹಳೇ ಪಂಚೆಯ ಮೇಲೆ ಸುರಿದು ನೀರು ಇಂಗಿಸಿ.

ಒಂದಡಿ ಎತ್ತರದ ಟೊಳ್ಳು ಮೂರ್ತಿಗೆ ಒಣ ಲೆಕ್ಕದಲ್ಲಿ 6 ಕಿಲೋ ಕೆರೆಮಣ್ಣು, 2 ಕಿಲೋ ಜರಡಿ ಹಿಡಿದ ಕೆಮ್ಮಣ್ಣು, 2 ಕಿಲೋ ಹೆಂಚಿನ ಪುಡಿ ಸಾಕು, ಸ್ವಲ್ಪ ಉಳಿಯುತ್ತದೆ. ಒಡೆದ ಮಂಗಳೂರು ಹೆಂಚನ್ನು ಕುಟ್ಟಿ ರವೆಯಷ್ಟು ದಪ್ಪಕ್ಕೆ ಜರಡಿ ಹಿಡಿಯಿರಿ. ಹೆಂಚಿನ ಬದಲು ಮರಳು ಹಾಕುವವರುಂಟು, ಸಣ್ಣ ಮಡಕೆಗೆ ನಡೆಯುತ್ತದೆ. ಆದರೆ ಇಲ್ಲಿನ ಮರಳು ಗ್ರಾನೈಟ್ ಸವೆದು ಬಂದದ್ದು, ಬೆಣಚುಕಲ್ಲಿನ (ಕ್ವಾರ್ಟ್ಸ್) ಪಾಲು ಹೆಚ್ಚು. ಬೆಣಚು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಥಟ್ಟನೆ ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ದಪ್ಪ ತೆಳುವು ಎರಡೂ ಇರುವ ಮೂರ್ತಿಗೆ ಈ ಎಳೆದಾಟ ತಡೆಯುವುದಿಲ್ಲ. ಹೆಂಚು ಒಮ್ಮೆ ಬೆಂದದ್ದು, ಅದಕ್ಕೆ ಈ ಆಟ ಕಡಿಮೆ.

ಕಲಸಿ, ತುಳಿದು, ಒದ್ದೆ ಗೋಣಿ ಹೊದಿಸಿ ಎರಡು ವಾರ ಇಡಿ. ವಾಸನೆ ಬಂದರೆ ಹೆದರಬೇಡಿ, ಹದ ಬರುತ್ತಿದೆ ಎಂದರ್ಥ. ಈ ನಡುವೆ ಒಂದು ಪಟ್ಟಿ ತಟ್ಟಿ, ಅದರ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಎಳೆದು ಒಣಗಿಸಿ. ಗೆರೆ 9.3ಕ್ಕಿಂತ ಕಡಿಮೆಗೆ ಇಳಿದರೆ ಕುಗ್ಗು ಜಾಸ್ತಿ, ಇನ್ನೊಂದು ಅರ್ಧ ಕಿಲೋ ಹೆಂಚಿನ ಪುಡಿ ನಾದಿ.

ಕಟ್ಟುವಾಗ ಬಿಡಬೇಕಾದ ಅಭ್ಯಾಸ ಕಬ್ಬಿಣದ ತಂತಿಯ ಹಂದರ. ಮಣ್ಣು ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ, ಸೀಳು ಖಂಡಿತ. ಮಣ್ಣನ್ನೇ ಬತ್ತಿಯಂತೆ ಹೊಸೆದು ಸುತ್ತಿನ ಮೇಲೆ ಸುತ್ತು ಏರಿಸಿ. ಗೋಡೆ ಎಲ್ಲೆಡೆ 12ರಿಂದ 15 ಮಿ.ಮೀ. ಇರಲಿ, ಒಳಗೆ ಪೇಪರ್ ಉಂಡೆ ತುರುಕಿದರೆ ಆಸರೆ. ಒಂದು ಹೊತ್ತಿಗೆ ನಾಲ್ಕು ಇಂಚಿಗಿಂತ ಹೆಚ್ಚು ಏರಿಸಿದರೆ ಕೆಳಭಾಗ ಹೊಟ್ಟೆ ಬಿಡುತ್ತದೆ. ತೋಳು, ಕಿವಿ, ಕಿರೀಟ ಅಂಟಿಸುವಾಗ ಎರಡೂ ಕಡೆ ಗೀರಿ, ಅದೇ ಮಣ್ಣಿನ ಗಟ್ಟಿ ರಾಡಿ ಸವರಿ ಒತ್ತಿ. ಬರೀ ನೀರು ಹಚ್ಚಿ ಅಂಟಿಸಿದ್ದು ಒಣಗಿದಾಗ ಕೈಗೆ ಬರುತ್ತದೆ. ಮುಚ್ಚಿದ ಟೊಳ್ಳು ಎಲ್ಲಿದ್ದರೂ ಕಾಣದ ಜಾಗದಲ್ಲಿ ಒಂದು ತೂತು ಬೇಕು.

ಒಣಗಿಸುವುದು ಹತ್ತು ಹದಿನೈದು ದಿನದ ಕೆಲಸ, ಬೇಸಿಗೆಯ ಒಣಗಾಳಿಯಲ್ಲಿ ಇನ್ನೂ ನಿಧಾನ ಬೇಕು. ಮೂಗು, ಬೆರಳು ಮೊದಲು ಒಣಗಿ ಎಳೆಯುತ್ತವೆ. ಅವಕ್ಕೆ ಒದ್ದೆ ಬಟ್ಟೆ ಸುತ್ತಿ, ಇಡೀ ಮೂರ್ತಿಗೆ ಪ್ಲಾಸ್ಟಿಕ್ ಹೊದಿಸಿ, ದಿನಕ್ಕಿಷ್ಟು ಸಡಿಲಿಸಿ. ಅಡಿಯಲ್ಲಿ ಮರಳು ಹರಡಿದರೆ ಪೀಠ ಕುಗ್ಗುತ್ತಾ ಜಾರುತ್ತದೆ, ಇಲ್ಲದಿದ್ದರೆ ನೆಲ ಕಚ್ಚಿ ಸೀಳುತ್ತದೆ. ಉಗುರಿನ ಗುರುತು ಬಿದ್ದು ಬೆರಳು ಇಳಿಯದ ಹದಕ್ಕೆ ಬಂದಾಗ ಕೆಮ್ಮಣ್ಣಿನ ತಿಳಿರಾಡಿ ಮೂರು ಸಲ ಬಳಿದು, ನುಣುಪು ಕಲ್ಲಿನಿಂದ ಒಂದೇ ದಿಕ್ಕಿಗೆ ಉಜ್ಜಿ. ಪೂರ್ತಿ ಒಣಗಿತೇ ಎಂದು ತಿಳಿಯಲು ನಿಮ್ಮ ಕೆನ್ನೆಗೆ ಹಿಡಿಯಿರಿ. ತಣ್ಣಗಿದ್ದರೆ ಇನ್ನೂ ಇಲ್ಲ. ತಕ್ಕಡಿ ಇದ್ದರೆ ಎರಡು ದಿನ ತೂಕ ಇಳಿಯದೇ ಇರಬೇಕು. ಆವಿಗೆಯಲ್ಲಿ, ಅಂದರೆ ಸುಡುವ ಗುಂಡಿಯಲ್ಲಿ, ಮೂರ್ತಿ ಸಿಡಿದರೆ ಗಾಳಿಗುಳ್ಳೆಯನ್ನು ದೂರುತ್ತಾರೆ. ಸಿಡಿಸುವುದು ಒಳಗೆ ಉಳಿದ ನೀರು, ಹೊರದಾರಿ ಸಿಗದ ಅದರ ಆವಿ.

ಸುಡಲು ಮಳೆ, ಗಾಳಿ ಇಲ್ಲದ ದಿನ, ಮನೆ ಮತ್ತು ಹುಲ್ಲು ಬಣವೆಯಿಂದ ದೂರದ ಜಾಗ ಬೇಕು. ಗುಂಡಿ ಮೂರಡಿ ಅಗಲ, ಎರಡಡಿ ಆಳ. ಮೊದಲು ಮೂರ್ತಿಯನ್ನು ಹೊರಗೆ ಸಣ್ಣ ಉರಿಯ ಪಕ್ಕ ಮೂರು ನಾಲ್ಕು ಗಂಟೆ ತಿರುಗಿಸುತ್ತಾ ಕಾಯಿಸಿ. ಮುಟ್ಟಲಾರದಷ್ಟು ಬಿಸಿಯಾದ ಮೇಲೆ ದಪ್ಪ ಕೈಗವಸು ಹಾಕಿಕೊಂಡು ಗುಂಡಿಗಿಳಿಸಿ. ಅಡಿಗೆ ಹೆಂಚಿನ ಚೂರು, ಅದರ ಮೇಲೆ ಅರ್ಧ ಅಡಿ ಬೆರಣಿ, ಸುತ್ತ ಮತ್ತೆ ಬೆರಣಿ, ಮೂರ್ತಿಯ ಮೈಗೆ ಒಡೆದ ಮಡಕೆ ಚೂರುಗಳ ಮರೆ. ಮೇಲೆ ರಾಗಿ ಹುಲ್ಲು ಹೊದಿಸಿ ಕೆಸರು ಮೆತ್ತಿ, ನಾಲ್ಕೈದು ಕಿಂಡಿ ಬಿಡಿ. ಬೆರಣಿ ನಿಧಾನ ಉರಿಯುತ್ತದೆ, ನೀಲಗಿರಿ ಸೌದೆ ಒಮ್ಮೆಲೇ ಭುಗಿಲೆನ್ನುತ್ತದೆ. ಸೌದೆ ಬೇಕಿದ್ದರೆ ಕೊನೆಗೆ. ಕಪ್ಪು ಮೂರ್ತಿ ಬೇಕೆಂದರೆ ಒಳಗೆ ಕೆಂಪಗೆ ಕಂಡಾಗ ಸಗಣಿ ಪುಡಿ, ಹೊಟ್ಟು ಸುರಿದು ಕಿಂಡಿ ಮುಚ್ಚಿ. ಹೊಗೆ ಹೊರಹೋಗದೆ ಮೈಗೆ ಹಿಡಿಯುತ್ತದೆ.

ಮರುದಿನ ಮಧ್ಯಾಹ್ನದವರೆಗೂ ಬಗೆಯಬೇಡಿ. ಆತುರಕ್ಕೆ ತೆಗೆದದ್ದು ಗಾಳಿ ತಾಕಿ ಟಣ್ ಎಂದು ಸೀಳುತ್ತದೆ, ಮತ್ತದೇ 573ರ ಕಾಟ. ತೆಗೆದು ಬೆರಳಲ್ಲಿ ಬಡಿಯಿರಿ. ಗಣ್ಣೆಂದರೆ ಬೆಂದಿದೆ. ಟಪ್ಪೆಂದರೆ ಹಸಿ, ಇಲ್ಲವೇ ಒಳಸೀಳು. ಸುಡುವಾಗ ಅದೇ ಮಣ್ಣಿನ ಬಿಲ್ಲೆಯೊಂದನ್ನು ಜೊತೆಗಿಟ್ಟಿದ್ದರೆ ಅದನ್ನು ರಾತ್ರಿ ನೀರಿಗೆ ಹಾಕಿ. ಬೆಳಿಗ್ಗೆ ಮೆತ್ತಗಾಗಿದ್ದರೆ ಮೂರ್ತಿಯೂ ಬೆಂದಿಲ್ಲ. ಸೀಳು ಇಲ್ಲದಿದ್ದರೆ ಮತ್ತೊಮ್ಮೆ ಸುಡಬಹುದು.