ಇಪ್ಪತ್ತೈದು ಮಳೆಗಾಲ ಕಂಡ ಮಾರುತಿ 800: ನನ್ನ ಅನುಭವ

ನಮ್ಮ ಮನೆಯ ಮಾರುತಿ 800 1999ರ ಮಾದರಿ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನಿಗೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಇದೆ. ತಂದೆಯವರು ಕೊಂಡ ಈ ಕಾರಿನಲ್ಲಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುತ್ತಿದ್ದಾಗ, ಹದಿನಾಲ್ಕು ತಿರುವುಗಳಲ್ಲಿ ಆರನೆಯದನ್ನು ದಾಟುವಷ್ಟರಲ್ಲಿ ಉಷ್ಣಮಾಪಕದ ಮುಳ್ಳು ಮೇಲಿನ ಗೆರೆಯನ್ನು ಮುಟ್ಟಿತು. ರೇಡಿಯೇಟರಿಗೆ ದೊಡ್ಡ ಫ್ಯಾನ್ ಹಾಕಿಸಿ ಎಂದು ಹಲವರು ಹೇಳಿದರು. ಮೂಲದಲ್ಲಿ ಏನಿತ್ತು, ಈಗ ಏನಿಲ್ಲ ಎಂಬುದನ್ನು ಮೊದಲು ನೋಡೋಣವೆಂದು ನಾನು ನಿರ್ಧರಿಸಿದೆ.

ಬಿಚ್ಚಿಸಿದಾಗ ಥರ್ಮೋಸ್ಟ್ಯಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ, ಇರಬೇಕಾದ ಜಾಗ ಖಾಲಿಯಾಗಿತ್ತು. ಕರಾವಳಿಯ ಸೆಕೆಗೆ ಅದು ಬೇಡವೆಂದು ಹಿಂದೆ ಯಾರೋ ತೆಗೆದುಹಾಕಿದ್ದರು. ಅದಿಲ್ಲದಿದ್ದರೆ ಮಳೆಗಾಲದ ಸಣ್ಣ ಓಡಾಟಗಳಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡುವ ಚೋಕ್ ಹೆಚ್ಚು ಹೊತ್ತು ಬೇಕಾಗುತ್ತದೆ, ಪೆಟ್ರೋಲ್ ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲಿಗೆ ಸೇರುತ್ತದೆ. ಇನ್ನು ಘಾಟಿಯಲ್ಲಿ ಕಾದದ್ದಕ್ಕೆ ಕಾರಣ ರೇಡಿಯೇಟರು: ಎಷ್ಟೋ ವರ್ಷ ಬರೀ ಬಾವಿ ನೀರು ತುಂಬಿದ್ದರಿಂದ ಅದರ ಕೊಳವೆಗಳು ತುಕ್ಕು ಮತ್ತು ಉಪ್ಪಿನ ಪದರದಿಂದ ಕಟ್ಟಿಕೊಂಡಿದ್ದವು, ಹೊರಬಂದ ನೀರಿಗೆ ಮುರಕಲ್ಲಿನ ಬಣ್ಣವಿತ್ತು. ರೇಡಿಯೇಟರಿನ ಕೋರ್ (ಕೊಳವೆಗಳಿರುವ ಒಳಭಾಗ) ಬದಲಿಸಿ, ಹೊಸ ಥರ್ಮೋಸ್ಟ್ಯಾಟ್ ಮತ್ತು ಹೋಸುಗಳನ್ನು ಹಾಕಿಸಿ, ಕೂಲೆಂಟನ್ನು ಡಿಸ್ಟಿಲ್ಡ್ ವಾಟರಿನೊಡನೆ ಅರ್ಧಕ್ಕರ್ಧ ಬೆರೆಸಿ ತುಂಬಿದೆ. ಹಿಂದೆ ಯಾವಾಗ ಬದಲಿಸಿದ್ದರೆಂಬ ದಾಖಲೆ ಇಲ್ಲದ ಕಾರಣ, ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಯಿಸುವ ಟೈಮಿಂಗ್ ಬೆಲ್ಟನ್ನೂ ಆಗಲೇ ಬದಲಿಸಿದೆ.

ಆದರೆ ನಮ್ಮ ಕಡೆ ಹಳೆಯ ಕಾರಿಗೆ ಎಂಜಿನ್ನಿಗಿಂತ ದೊಡ್ಡ ಕಂಟಕ ತುಕ್ಕು. ನಮ್ಮ ಮನೆ ಮಲ್ಪೆಯ ಹತ್ತಿರ. ಸಮುದ್ರದ ಉಪ್ಪು ಗಾಳಿ ವರ್ಷವಿಡೀ ಇರುತ್ತದೆ, ಜೂನ್‌ನಿಂದ ನಾಲ್ಕು ತಿಂಗಳು ಲೋಹ ಒಣಗುವುದಿಲ್ಲ. ಒಂದು ಏಪ್ರಿಲ್‌ನಲ್ಲಿ ಸೀಟುಗಳನ್ನು ಬಿಚ್ಚಿ ಕಾರ್ಪೆಟ್ ಎತ್ತಿದಾಗ, ಕಾರ್ಪೆಟ್ಟಿನ ಮೇಲ್ಭಾಗ ಒಣಗಿದ್ದರೂ ಅಡಿಯ ಫೆಲ್ಟ್ ನೀರು ಕುಡಿದು ಕೂತಿತ್ತು, ಚಾಲಕನ ಕಾಲಡಿಯ ತಗಡು ಸ್ಕ್ರೂಡ್ರೈವರ್ ಒತ್ತಿದರೆ ತೂತಾಗುತ್ತಿತ್ತು. ನೀರು ಬಂದದ್ದು ಮುಂದಿನ ಗಾಜಿನ ಕೆಳಗಿನ ಗಾಳಿಯ ದಾರಿಯಿಂದ, ಅಲ್ಲಿ ಮಾವಿನೆಲೆ ಕೊಳೆತು ನೀರು ಹರಿಯುವ ತೂತನ್ನು ಮುಚ್ಚಿತ್ತು. ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಸಾಕೆಂದ ಟಿಂಕರಿಂಗಿನವರಿಗೆ ಒಪ್ಪದೆ, ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ, ಅದರ ಮೇಲೆ ಝಿಂಕ್ ಪ್ರೈಮರ್, ಆಮೇಲೆ ಅಂಡರ್‌ಬಾಡಿ ಕೋಟಿಂಗ್ ಹಾಕಿಸಿದೆ. ತುಕ್ಕಿನ ಮೇಲೆಯೇ ಕೋಟಿಂಗ್ ಬಳಿದರೆ ತುಕ್ಕು ತಗಡನ್ನು ಒಳಗೊಳಗೇ ತಿನ್ನುತ್ತದೆ, ಹೊರಗೆ ಕಾಣುವಾಗ ತಡವಾಗಿರುತ್ತದೆ.

ನಾನು ಮಾಡಿಕೊಂಡ ನಿಜವಾದ ಮಾರ್ಪಾಡು ಹೆಡ್‌ಲೈಟಿನದು. ಎಂಜಿನ್ ಚಾಲೂ ಇದ್ದಾಗ ಬ್ಯಾಟರಿಯಲ್ಲಿ 13.6 ವೋಲ್ಟ್, ಬಲ್ಬಿನ ಹೋಲ್ಡರಿನಲ್ಲಿ ಬರೀ 11.4 ವೋಲ್ಟ್ ಸಿಕ್ಕಿತು. ವೋಲ್ಟೇಜ್ ಶೇಕಡಾ 10ರಷ್ಟು ಇಳಿದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ಸುಮಾರು ಶೇಕಡಾ 30ರಷ್ಟು ಕುಗ್ಗುತ್ತದೆ. ಹೆಚ್ಚು ವ್ಯಾಟಿನ ಬಲ್ಬು ಹಾಕಿದರೆ ಹಳೆಯ ವೈರು, ಸ್ವಿಚ್ಚು ಸುಡುತ್ತವೆ, ಎದುರಿನವರ ಕಣ್ಣಿಗೂ ಹೊಡೆಯುತ್ತದೆ. ಆದ್ದರಿಂದ 60/55 ವ್ಯಾಟಿನ ಬಲ್ಬನ್ನೇ ಇಟ್ಟು, ಬ್ಯಾಟರಿಯಿಂದ ಫ್ಯೂಸ್ ಮತ್ತು ಎರಡು ರಿಲೇಗಳ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚುಗಳ) ಮೂಲಕ ದಪ್ಪ ವೈರು ಎಳೆದು, ಅರ್ಥಿಂಗ್ ಜೋಡಣೆಗಳನ್ನು ಉಜ್ಜಿ ಬಿಗಿದೆ. ಮಳೆಗಾಲದ ರಾತ್ರಿ ಹೆದ್ದಾರಿ 66ರಲ್ಲಿ ಮಂಗಳೂರಿನಿಂದ ಬರುವಾಗ ರಸ್ತೆಯ ಅಂಚು ಮೊದಲ ಬಾರಿಗೆ ಸರಿಯಾಗಿ ಕಂಡಿತು.

ಟೈರು ಮೊದಲಿನ 12 ಇಂಚಿನ ಅಳತೆಯದ್ದೇ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಘಾಟಿ ಇಳಿಯುವಾಗ ಕುದಿಯುವ ಅಪಾಯವಿರುವುದರಿಂದ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸುತ್ತೇನೆ.

2024ರಲ್ಲಿ ಆರ್‌ಸಿ ಮತ್ತೆ ಐದು ವರ್ಷಕ್ಕೆ ನವೀಕರಣವಾಯಿತು. ಈಗ ಮೇ ತಿಂಗಳಲ್ಲಿ ಬಾಗಿಲುಗಳ ಅಡಿಯ ತೂತುಗಳಿಗೆ ತಂತಿ ಹಾಕಿ ಕೆಸರು ತೆಗೆಯುವುದು ನನ್ನ ಕೆಲಸ. ಎಡಬದಿಯಲ್ಲಿ ಜಾಕ್ ಇಡುವ ಜಾಗದ ಬಣ್ಣ ಸ್ವಲ್ಪ ಉಬ್ಬಿದೆ, ಅದನ್ನು ಮೊದಲ ಮಳೆಯೊಳಗೆ ಕೆರೆದು ನೋಡಬೇಕು.