ಜೇಡ್ ಕಲ್ಲಿಗೆ ಬಿದಿರಿನಿಂದ ತೂತು ಕೊರೆದದ್ದು

ಬಳಪದ ಕಲ್ಲಿನಲ್ಲಿ ಕೆಲಸ ಮಾಡಿ ಅಭ್ಯಾಸ ಇದ್ದವರು ಜೇಡ್ ಸಿಕ್ಕರೆ ಮೊದಲು ಉಳಿ ಹುಡುಕುತ್ತಾರೆ. ಅದನ್ನು ಪಕ್ಕಕ್ಕಿಡಿ. ಚೀನಾದವರು ಸಾವಿರಾರು ವರ್ಷ ಬಳಸಿದ ಜೇಡ್ ಅಂದರೆ ನೆಫ್ರೈಟ್. ಅದರೊಳಗೆ ತೀರಾ ಸಣ್ಣ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಹಾಗಾಗಿ ಎಷ್ಟು ಹೊಡೆದರೂ ಬೇಕಾದ ಕಡೆ ಚಕ್ಕೆ ಏಳುವುದಿಲ್ಲ. ಮರಳು ಹಾಕಿ ಸವೆಸಬೇಕು, ಅಷ್ಟೇ.

ನನಗೆ ಇದರ ಹುಚ್ಚು ಹಿಡಿಸಿದ್ದು ಪ್ರಾಚೀನ ಚೀನಾದ ಲಿಯಾಂಗ್‌ಝು ಜನರು ಮಾಡಿದ ತ್ಸೋಂಗ್ ಎಂಬ ಜೇಡ್ ವಸ್ತುಗಳು. ಹೊರಗೆ ಚೌಕ, ನಡುವೆ ಉದ್ದಕ್ಕೂ ದುಂಡನೆಯ ತೂತು. ಈಗಿನ ಹಾಂಗ್‌ಝೌ ಹತ್ತಿರ ಸುಮಾರು 5000 ವರ್ಷದ ಹಿಂದೆ, ಲೋಹದ ಉಪಕರಣ ಇಲ್ಲದೆ ಮಾಡಿದ್ದು! 1986ರಲ್ಲಿ ಫಾನ್‌ಶಾನ್ ಸಮಾಧಿಯಲ್ಲಿ ಸಿಕ್ಕ ಒಂದು ತ್ಸೋಂಗ್ ಸುಮಾರು 6.5 ಕಿಲೋ ತೂಗುತ್ತದೆ. ಅಷ್ಟೆಲ್ಲ ಆಸೆ ನನಗಿರಲಿಲ್ಲ, ಜೇಡ್‌ನ ಒಂದು ಚಿಕ್ಕ ಚಪ್ಪಟೆ ತುಂಡಿನಲ್ಲಿ ಒಂದು ತೂತು ಬಿದ್ದರೆ ಸಾಕಿತ್ತು.

ಕಲ್ಲನ್ನು ಅರಗು ಹಾಕಿ ಮರದ ತುಂಡಿಗೆ ಅಂಟಿಸಿದೆ. ಮೇಲೆ ಇನ್ನೊಂದು ಮರದ ಪಟ್ಟಿ, ಅದರಲ್ಲಿ ಬಿದಿರಿನ ಕೊಳವೆ ಹಿಡಿಸುವಷ್ಟು ರಂಧ್ರ. ಇದಿಲ್ಲದಿದ್ದರೆ ಕೊಳವೆ ಶುರುವಿನಲ್ಲೇ ಆಚೀಚೆ ಜಾರುತ್ತದೆ. ಬಿಲ್ಲಿನ ಬೈರಿಗೆಯಿಂದ ಕೊಳವೆ ತಿರುಗಿಸುತ್ತಾ ಒದ್ದೆ ಮರಳು ಹಾಕುತ್ತಾ ಹೋಗಬೇಕು. ಕೊರೆಯುವುದು ಬಿದಿರಲ್ಲ, ಅದರ ಅಂಚಿಗೆ ಸಿಕ್ಕಿಕೊಂಡ ಮರಳು. ಖನಿಜಗಳ ಗಡಸುತನ ಅಳೆಯುವ 1ರಿಂದ 10ರ ಮೋಸ್ ಮಾಪನದಲ್ಲಿ ನೆಫ್ರೈಟ್‌ನದು 6ರಿಂದ 6.5, ಕ್ವಾರ್ಟ್ಜ್ ಮರಳಿನದು 7. ವ್ಯತ್ಯಾಸ ಇಷ್ಟೇ ಇರುವುದರಿಂದ ಕೆಲಸ ತುಂಬಾ ನಿಧಾನ, ಕೈ ಸೋಲುತ್ತದೆ. ಹೊಳೆ ಮರಳಿನ ಕಾಳು ದುಂಡಗಿರುತ್ತೆ, ಕ್ವಾರ್ಟ್ಜ್ ಕುಟ್ಟಿ ಜರಡಿ ಹಿಡಿದದ್ದೇ ಚುರುಕು. ಮರಳು ಬೂದು ಬಣ್ಣದ ಕೆಸರಾದ ಮೇಲೆ ತೊಳೆದು ಹೊಸದು ಹಾಕಬೇಕು.

ಖುಷಿ ಕೊಟ್ಟದ್ದು ತೂತಿನ ಆಕಾರ. ಮರಳು ಪಕ್ಕಗಳನ್ನೂ ತಿನ್ನುತ್ತದೆ ಅಲ್ವಾ, ಹಾಗಾಗಿ ಬಾಯಿ ಅಗಲ, ಒಳಗೆ ಹೋದಂತೆ ಕಿರಿದು. ಜೊತೆಗೆ ಕೊನೆಯಲ್ಲಿ ಹಿಂಬದಿಯ ಅಂಚು ಒಡೆಯುವ ಭಯ. ಕಲ್ಲು ತಿರುಗಿಸಿ ಇನ್ನೊಂದು ಕಡೆಯಿಂದ ಕೊರೆದರೆ ಎರಡೂ ಸಮಸ್ಯೆ ಕಡಿಮೆ, ಆದರೆ ನಡುವೆ ಒಂದು ಏಣು ಉಳಿಯುತ್ತದೆ. ಎಷ್ಟೋ ಹಳೆಯ ತ್ಸೋಂಗ್‌ಗಳ ಒಳಗೆ ಇದೇ ಏಣು ಇದೆ. ಫೋಟೊದಲ್ಲಿ ನೋಡಿದಾಗ ಅದು ಯಾಕೆ ಅಂತ ನನಗೆ ಹೊಳೆದೇ ಇರಲಿಲ್ಲ.

ಚೀನಾದಲ್ಲಿ ಮುಂದೆ ಕಾಲಿನಿಂದ ತುಳಿದು ತಿರುಗಿಸುವ ಕಬ್ಬಿಣದ ಚಕ್ರ ಬಂತು, ಮರಳು ಮಾತ್ರ ಬಿಡಲಿಲ್ಲ. ಚಿಯಾನ್‌ಲಾಂಗ್ ಚಕ್ರವರ್ತಿಗಾಗಿ ಯಾಂಗ್‌ಝೌದಲ್ಲಿ ತಯಾರಾಗಿ 1787ರಲ್ಲಿ ಮುಗಿದ, ಟನ್ನುಗಟ್ಟಲೆ ತೂಕದ, ಬೆಟ್ಟದ ಆಕಾರದ ಜೇಡ್ ಶಿಲ್ಪ ಬೀಜಿಂಗ್ ಅರಮನೆಯಲ್ಲಿ ಈಗಲೂ ಇದೆ. ಅದನ್ನೂ ಹೀಗೆ ಸವೆಸಿಯೇ ಮಾಡಿದ್ದು.

ಈಗ ಡೈಮಂಡ್ ಬಿಟ್ ಹಾಕಿದರೆ ಬೇಗ ಮುಗಿಯುತ್ತದೆ. ಆದರೆ ನೀರಿಲ್ಲದೆ ಮಾತ್ರ ಕೊರೆಯಬೇಡಿ, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಬಿಡುತ್ತಲೇ ಇರಿ, ಮಾಸ್ಕ್ ಹಾಕಿಕೊಳ್ಳಿ.