ಬಾಡಿಗೆದಾರ ಜೈಲಿನಲ್ಲಿ, ಮನೆಗೆ ಬೀಗ: ನಾನು ಬಿಡಿಸಿಕೊಂಡ ರೀತಿ

"ಬೀಗ ಒಡೆದು ಸಾಮಾನು ಹೊರಗೆ ಹಾಕು, ಒಳಗಿರೋನು ಬಂದು ಕೇಳ್ತಾನಾ?" ಮನೆ ಬಾಡಿಗೆಗೆ ಕೊಡುವ ಗೆಳೆಯರೆಲ್ಲ ಹೇಳಿದ್ದು ಇದನ್ನೇ. ನಾನು ಒಪ್ಪಲಿಲ್ಲ. ಅರೆಸ್ಟ್ ಆದ ಮಾತ್ರಕ್ಕೆ ಅಗ್ರಿಮೆಂಟ್ ಮುಗಿಯುವುದಿಲ್ಲ. ನಾಳೆ ಜಾಮೀನಿನ ಮೇಲೆ ಬಂದು, ಸಾಮಾನು ಕಳುವಾಗಿದೆ ಎಂದು ದೂರು ಕೊಟ್ಟರೆ ಓಡಾಡಬೇಕಾದವನು ನಾನು. ಅವನ ಸಹಿ ತರಿಸಿಯೇ ಮನೆ ಬಿಡಿಸಿಕೊಳ್ಳುತ್ತೇನೆ ಅಂದೆ. ನಕ್ಕರು. ಸುಮಾರು ಐದು ತಿಂಗಳಲ್ಲಿ ಮನೆ ಕೈಗೆ ಬಂತು, ಕೋರ್ಟಿನ ಮೆಟ್ಟಿಲು ಹತ್ತದೆ.

ಮೊದಮೊದಲು ಯಾವುದೂ ಫಲ ಕೊಡಲಿಲ್ಲ. ಮನೆ ವಿಳಾಸಕ್ಕೆ ಕಳಿಸಿದ ನೋಟಿಸ್ ವಾಪಸ್ ಬಂತು. ಬಾಡಿಗೆದಾರನ ಅಣ್ಣ "ನನಗೂ ಅವನಿಗೂ ಸಂಬಂಧ ಇಲ್ಲ" ಅಂದ. ಅವನ ಗೆಳೆಯ ಎಂದು ಹೇಳಿಕೊಂಡು ಒಬ್ಬ ಟಿವಿ ಕೇಳಲು ಬಂದ. ಪತ್ರವಿಲ್ಲದೆ ಬಾಗಿಲು ತೆಗೆಯಲ್ಲ ಎಂದು ಕಳಿಸಿದೆ.

ಆಮೇಲೆ ಬಾಡಿಗೆದಾರನ ವಕೀಲರನ್ನು ಹಿಡಿದೆ. ಕೇಸಿನ ಮಾತೇ ಎತ್ತಲಿಲ್ಲ. ಅಡ್ವಾನ್ಸ್ ತಿಂಗಳು ತಿಂಗಳು ಹೇಗೆ ಕರಗುತ್ತಿದೆ ಎಂದು ಒಂದು ಹಾಳೆಯಲ್ಲಿ ಲೆಕ್ಕ ಬರೆದು ಕೊಟ್ಟೆ. ಈಗ ಬಿಟ್ಟರೆ ಇಷ್ಟು ವಾಪಸ್, ಇನ್ನು ಮೂರು ತಿಂಗಳು ಕಳೆದರೆ ಸೊನ್ನೆ. ಒಳಗಿರುವವನಿಗೂ ವಕೀಲರ ಫೀಸಿಗೆ ದುಡ್ಡು ಬೇಕು, ಅಲ್ವಾ? ಆ ಹಾಳೆಯ ಕೊನೆಯ ಸಾಲಿನಲ್ಲಿ ಏನು ಬರೆದೆ ಎಂದು ಮಾತ್ರ ಹೇಳಲ್ಲ, ಅದು ನನ್ನ ಬಂಡವಾಳ.

ಮನೆ ಬಿಟ್ಟುಕೊಡುವುದು, ಸಾಮಾನು ಒಯ್ಯಲು ಬಾಡಿಗೆದಾರನ ಅಕ್ಕನಿಗೆ ಅಧಿಕಾರ ಕೊಡುವುದು, ಎರಡನ್ನೂ ಒಂದೇ ಪತ್ರದಲ್ಲಿ ಬರೆಸಿ ಕಳಿಸಿದಾಗ ಅವನು ಸಹಿ ಹಾಕಲಿಲ್ಲ. ಸಾಮಾನೂ ಹೋಗುತ್ತೆ ಎಂಬ ಭಯ. ಬೇರೆ ಬೇರೆ ಪತ್ರ ಮಾಡಿದ ಮೇಲೆ ಹಾಕಿದ. ಜೈಲಿನ ಅಧಿಕಾರಿಯ ಎದುರಿಗೇ ಸಹಿ, ಮೇಲೆ ಅವರ ಮೊಹರು. ಇಲ್ಲದಿದ್ದರೆ ನಾಳೆ "ಸಹಿ ನಂದಲ್ಲ" ಅನ್ನಬಹುದು. ಬೀಗದ ಕೈ ಅವನ ಜೇಬಿನಲ್ಲಿತ್ತು, ಜೈಲಿನಲ್ಲಿ ಜಮಾ ಆಗಿತ್ತು. ಅದನ್ನೂ ಅಕ್ಕನಿಗೆ ಕೊಡಿ ಎಂದು ಒಂದು ಸಾಲು ಸೇರಿಸಿದ್ದು ಬಹಳ ಉಪಯೋಗಕ್ಕೆ ಬಂತು. ಬೀಗ ಒಡೆಯುವ ಪ್ರಸಂಗವೇ ಬರಲಿಲ್ಲ.

ತನಿಖೆಗೆ ಮನೆ ಬೇಕಿಲ್ಲ ಎಂದು ಪೊಲೀಸರಿಂದ ಬರೆಸಿಕೊಂಡ ಮೇಲೆಯೇ ಬಾಗಿಲು ತೆಗೆದದ್ದು. ಅಕ್ಕ, ಅಕ್ಕಪಕ್ಕದ ಇಬ್ಬರು, ಎಲ್ಲೂ ನಿಲ್ಲಿಸದೆ ಒಂದೇ ವಿಡಿಯೋ. ಕಾಗದ ಪತ್ರ, ಒಡವೆ ಬೇರೆ ಕವರಿನಲ್ಲಿ, ಅಂಟಿನ ಮೇಲೆ ಎಲ್ಲರ ಸಹಿ. ಫ್ರಿಜ್ ಮಾತ್ರ ಗೋಳು. ಕರೆಂಟ್ ಬಿಲ್ ಕಟ್ಟದೆ ಫ್ಯೂಸ್ ತೆಗೆದಿದ್ದರು. ಒಳಗಿದ್ದದ್ದೆಲ್ಲ ಕೊಳೆತು, ಆ ವಾಸನೆ ಹೋಗಲು ಗೋಡೆಗೆ ಎರಡು ಸಲ ಬಣ್ಣ ಹೊಡೆಸಬೇಕಾಯಿತು.

ಇನ್ನೊಬ್ಬ ಬಾಡಿಗೆದಾರನ ವಿಷಯದಲ್ಲಿ ಬೇರೆ ಪ್ರಯೋಗ ಮಾಡಿದ್ದೆ. ಅವನ ಲಿಖಿತ ಒಪ್ಪಿಗೆ ಪಡೆದು ಸಾಮಾನೆಲ್ಲ ಒಂದು ಕೋಣೆಗೆ ತುಂಬಿ, ಉಳಿದ ಮನೆಯನ್ನು ಪೂರ್ತಿ ಬಾಡಿಗೆಯ ಮೂರರಲ್ಲಿ ಎರಡು ಪಾಲಿಗೆ ಬೇರೆಯವರಿಗೆ ಕೊಟ್ಟೆ. ದುಡ್ಡೇನೋ ಬಂತು. ಆದರೆ ಮುಚ್ಚಿದ ಕೋಣೆಯಲ್ಲಿ ಹಾಸಿಗೆ, ಬಟ್ಟೆಗೆ ಬೂಷ್ಟು ಹಿಡಿಯಿತು. ಒಂದೆರಡು ತಿಂಗಳಿಗಿಂತ ಜಾಸ್ತಿ ಈ ದಾರಿ ಬೇಡ.

ಈ ಮನೆಯಲ್ಲಿ ಬಣ್ಣದ ಖರ್ಚು ಸೇರಿ ನನ್ನ ಕೈಬಿಟ್ಟು ಹೋದದ್ದು ಹೆಚ್ಚೆಂದರೆ ಒಂದೂವರೆ ತಿಂಗಳ ಬಾಡಿಗೆ. ಉಳಿದ ಅಡ್ವಾನ್ಸ್ ಅಕ್ಕನಿಗೆ ಚೆಕ್ಕಿನಲ್ಲಿ ಕೊಟ್ಟು ರಸೀತಿ ಪಡೆದೆ. ಈಗ ಹೊಸ ಅಗ್ರಿಮೆಂಟಿನಲ್ಲಿ ಒಂದು ಸಾಲು ಹಾಕಿಸುತ್ತೇನೆ: ಬಾಡಿಗೆದಾರ ಬರಲಾಗದಿದ್ದರೆ ಸಾಮಾನು ಯಾರ ಕೈಗೆ ಕೊಡಬೇಕು, ಅವರ ಹೆಸರು, ಫೋನ್ ನಂಬರ್, ಪಕ್ಕದಲ್ಲಿ ಅವರದೇ ಸಹಿ.